ಒಂದೇ ಉತ್ತರದ ಶಾಲೆ ಮತ್ತು ಮಗುವಿನ ಸೃಜನಶೀಲತೆ

ಔಪಚಾರಿಕ ಶಿಕ್ಷಣವು ಮಕ್ಕಳ ಸೃಜನಶೀಲತೆಯನ್ನು ಬೆಳೆಸುತ್ತದೆಯೋ ಮೊಟಕುಗೊಳಿಸುತ್ತದೆಯೋ ಎಂಬ ಪ್ರಶ್ನೆಯನ್ನು ಶಿಕ್ಷಣತಜ್ಞರು ಮಾತ್ರವಲ್ಲದೆ ತಂದೆತಾಯಿಗಳೂ ಶಿಕ್ಷಕರೂ ಮತ್ತೆ ಮತ್ತೆ ಎತ್ತುತ್ತಾರೆ. ಶಾಲೆಯೇ ಕಲ್ಪನೆಯ ಶತ್ರು, ಮಗುವನ್ನು ಅದರ ಪಾಡಿಗೆ ಬಿಟ್ಟರೆ ಪ್ರತಿಭೆ ತಾನಾಗಿ ಅರಳುತ್ತದೆ ಎಂದು ಕೆಲವರು ವಾದಿಸಿದರೆ, ಶಿಸ್ತು, ಅಭ್ಯಾಸ ಮತ್ತು ಪರೀಕ್ಷೆಗಳಿಲ್ಲದೆ ಯಾವ ವಿದ್ಯೆಯೂ ಒಲಿಯದು ಎಂದು ಇನ್ನು ಕೆಲವರು ಹೇಳುತ್ತಾರೆ. ಕಳೆದ ಏಳು ದಶಕಗಳ ಮನೋವೈಜ್ಞಾನಿಕ ಸಂಶೋಧನೆಯನ್ನೂ ಕರ್ನಾಟಕದ ತರಗತಿಗಳ ಅನುಭವವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಎರಡೂ ವಾದಗಳಲ್ಲಿ ಅರ್ಧ ಸತ್ಯವಷ್ಟೇ ಇರುವುದು ತಿಳಿಯುತ್ತದೆ. ಪಾಠ, ಅಭ್ಯಾಸ, ನೆನಪು ಇವು ತಮ್ಮಷ್ಟಕ್ಕೆ ಕಲ್ಪನೆಗೆ ಹಾನಿ ಮಾಡುವುದಿಲ್ಲ. ಪ್ರತಿ ಪ್ರಶ್ನೆಗೂ ಒಂದೇ ಉತ್ತರವನ್ನು ನಿಗದಿಪಡಿಸಿ, ಮಗು ಇಡುವ ಪ್ರತಿ ಹೆಜ್ಜೆಗೂ ಅಂಕ ಕೊಟ್ಟು, ತಪ್ಪು ಮಾಡುವುದನ್ನು ನಾಚಿಕೆಯ ಸಂಗತಿಯಾಗಿಸುವ ಪದ್ಧತಿ ಹಾನಿ ಮಾಡುತ್ತದೆ. ಆ ಪದ್ಧತಿಯನ್ನು ಶಾಲೆಯ ಒಳಗಿನಿಂದಲೇ ಬದಲಿಸಲು ಸಾಧ್ಯವಿದೆ.

ಸೃಜನಶೀಲತೆಯ ಅರ್ಥ ಮತ್ತು ಅಳತೆ

ಹೊಸತೂ ಆಗಿರುವ, ಸಂದರ್ಭಕ್ಕೆ ಒಪ್ಪುವಂಥದ್ದೂ ಆಗಿರುವ ವಿಚಾರವನ್ನು ಅಥವಾ ವಸ್ತುವನ್ನು ಹುಟ್ಟಿಸುವ ಸಾಮರ್ಥ್ಯವೇ ಸೃಜನಶೀಲತೆ ಎಂಬ ವ್ಯಾಖ್ಯಾನವನ್ನು ಈ ಕ್ಷೇತ್ರದ ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಕೇವಲ ಹೊಸತಾಗಿದ್ದರೆ ಅದು ವಿಚಿತ್ರವೆನಿಸಬಹುದು, ಕೇವಲ ಒಪ್ಪುವಂತಿದ್ದರೆ ಅದು ಅನುಕರಣೆಯಾಗಬಹುದು; ಎರಡೂ ಕೂಡಿದಾಗ ಸೃಷ್ಟಿ ಎನ್ನಲಾಗುತ್ತದೆ. ಮಗುವಿನ ವಿಷಯದಲ್ಲಿ ಈ ಹೊಸತನವನ್ನು ಜಗತ್ತಿನ ಅಳತೆಗೋಲಿನಿಂದ ಅಳೆಯಬೇಕಾಗಿಲ್ಲ. ಎರಡಂಕಿಯ ಸಂಖ್ಯೆಗಳನ್ನು ಕೂಡಲು ಪುಸ್ತಕದಲ್ಲಿಲ್ಲದ ಒಂದು ದಾರಿಯನ್ನು ಎಂಟು ವರ್ಷದ ಮಗು ತಾನೇ ಕಂಡುಕೊಂಡರೆ, ಆ ದಾರಿ ಗಣಿತಜ್ಞರಿಗೆ ಎಂದೋ ಗೊತ್ತಿದ್ದರೂ ಮಗುವಿನ ಮಟ್ಟಿಗೆ ಅದು ನಿಜವಾದ ಸೃಷ್ಟಿಯೇ.

ಈ ಸಾಮರ್ಥ್ಯದ ವೈಜ್ಞಾನಿಕ ಅಧ್ಯಯನಕ್ಕೆ ದೊಡ್ಡ ಒತ್ತು ಸಿಕ್ಕಿದ್ದು 1950ರಲ್ಲಿ. ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷರಾಗಿದ್ದ ಜೆ. ಪಿ. ಗಿಲ್ಫರ್ಡ್ ಅವರು ಆ ವರ್ಷದ ತಮ್ಮ ಅಧ್ಯಕ್ಷ ಭಾಷಣದಲ್ಲಿ, ತಮ್ಮ ಶಾಸ್ತ್ರವು ಸೃಜನಶೀಲತೆಯನ್ನು ಬಹುಮಟ್ಟಿಗೆ ಕಡೆಗಣಿಸಿದೆ ಎಂದು ಎಚ್ಚರಿಸಿದರು. ಗಿಲ್ಫರ್ಡ್ ಅವರು ಚಿಂತನೆಯಲ್ಲಿ ಎರಡು ಬಗೆಗಳನ್ನು ಗುರುತಿಸಿದರು: ಇರುವ ಮಾಹಿತಿಯಿಂದ ಒಂದು ಸರಿಯಾದ ಉತ್ತರದ ಕಡೆಗೆ ಸಾಗುವ ಏಕಮುಖ ಚಿಂತನೆ ಮತ್ತು ಒಂದೇ ಪ್ರಶ್ನೆಯಿಂದ ಹೊರಟು ಹಲವು ಸಾಧ್ಯತೆಗಳ ಕಡೆಗೆ ಹರಡುವ ಬಹುಮುಖ ಚಿಂತನೆ. ಇಟ್ಟಿಗೆಯ ಉದ್ದ, ಅಗಲ, ದಪ್ಪ ತಿಳಿದಿದ್ದಾಗ ಅದರ ಘನಫಲ ಎಷ್ಟೆಂದು ಕೇಳುವುದು ಮೊದಲನೆಯ ಬಗೆಯ ಪ್ರಶ್ನೆ; ಒಂದು ಇಟ್ಟಿಗೆಯನ್ನು ಯಾವ ಯಾವ ಕೆಲಸಕ್ಕೆ ಬಳಸಬಹುದು ಎಂದು ಕೇಳುವುದು ಎರಡನೆಯ ಬಗೆಯದು. ಸೃಜನಶೀಲ ಕೆಲಸಕ್ಕೆ ಎರಡೂ ಬೇಕು, ಏಕೆಂದರೆ ಹತ್ತು ಸಾಧ್ಯತೆಗಳನ್ನು ಹುಟ್ಟಿಸಿದ ಮನಸ್ಸು ಅವುಗಳಲ್ಲಿ ಗಟ್ಟಿಯಾದುದನ್ನು ಆರಿಸಲೂ ಬಲ್ಲದಾಗಿರಬೇಕು. ಶಾಲೆಯ ದಿನಚರಿಯಲ್ಲಿ ಮೊದಲನೆಯದಕ್ಕೆ ಬಹುತೇಕ ಎಲ್ಲ ಸಮಯವೂ ಎರಡನೆಯದಕ್ಕೆ ಬಿಡುವಿನ ವೇಳೆಯೂ ಸಲ್ಲುವುದರಿಂದ ಈ ಸಮತೋಲ ತಪ್ಪುತ್ತದೆ.

ಗಿಲ್ಫರ್ಡ್ ಹಾಕಿದ ಅಡಿಪಾಯದ ಮೇಲೆ ಇ. ಪಾಲ್ ಟಾರೆನ್ಸ್ ಅವರು 1966ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ಇಂದಿಗೂ ಹೆಚ್ಚು ಬಳಕೆಯಲ್ಲಿವೆ. ಮಗು ಎಷ್ಟು ವಿಚಾರಗಳನ್ನು ನೀಡುತ್ತದೆ ಎಂಬ ನಿರರ್ಗಳತೆ, ಆ ವಿಚಾರಗಳು ಎಷ್ಟು ಬೇರೆ ಬೇರೆ ಬಗೆಯವು ಎಂಬ ನಮ್ಯತೆ, ಇತರರಿಗೆ ಹೊಳೆಯದ್ದು ಎಷ್ಟು ಹೊಳೆಯಿತು ಎಂಬ ಸ್ವಂತಿಕೆ, ಹೊಳೆದುದನ್ನು ಎಷ್ಟು ವಿವರವಾಗಿ ಬೆಳೆಸಿತು ಎಂಬ ವಿಸ್ತರಣೆ, ಇವು ಟಾರೆನ್ಸ್ ಅಳೆದ ಮುಖ್ಯ ಗುಣಗಳು. ಅರ್ಧ ಗೆರೆಯನ್ನಷ್ಟೇ ಎಳೆದ ಹಾಳೆಯನ್ನು ಮಗುವಿಗೆ ಕೊಟ್ಟು ಚಿತ್ರವನ್ನು ಪೂರ್ಣಗೊಳಿಸಲು ಹೇಳುವುದು, ಒಂದು ಆಟಿಕೆಯನ್ನು ಇನ್ನಷ್ಟು ಚೆನ್ನಾಗಿ ಮಾಡುವ ದಾರಿಗಳನ್ನು ಕೇಳುವುದು ಮುಂತಾದ ಸರಳ ಚಟುವಟಿಕೆಗಳಿಂದ ಈ ಗುಣಗಳನ್ನು ಅಂದಾಜು ಮಾಡಲಾಗುತ್ತದೆ.

ಕುಸಿತ ಕಂಡದ್ದು ಎಲ್ಲಿ?

ಅಮೆರಿಕದ ಮಕ್ಕಳನ್ನು ಹಲವು ವರ್ಷ ಹಿಂಬಾಲಿಸಿ ನೋಡಿದ ಟಾರೆನ್ಸ್ ಅವರಿಗೆ ನಾಲ್ಕನೆಯ ತರಗತಿಯ ಹೊತ್ತಿಗೆ, ಅಂದರೆ ಒಂಬತ್ತು ಹತ್ತು ವರ್ಷದ ವಯಸ್ಸಿನಲ್ಲಿ, ಬಹಳಷ್ಟು ಮಕ್ಕಳ ಅಂಕಗಳು ಇಳಿಯುವುದು ಕಂಡುಬಂದಿತು. ಈ ವಿದ್ಯಮಾನವು ನಾಲ್ಕನೆಯ ತರಗತಿಯ ಕುಸಿತ ಎಂದೇ ಶಿಕ್ಷಣ ಸಾಹಿತ್ಯದಲ್ಲಿ ಹೆಸರಾಯಿತು. ಮುಂದೆ 2011ರಲ್ಲಿ ಕ್ಯುಂಗ್ ಹೀ ಕಿಮ್ ಅವರು ಟಾರೆನ್ಸ್ ಪರೀಕ್ಷೆಗೆ ಒಳಗಾದ 2,72,599 ಜನರ ಅಂಕಗಳನ್ನು ಪರಿಶೀಲಿಸಿ, 1990ರ ನಂತರ ಅಮೆರಿಕದಲ್ಲಿ ಈ ಅಂಕಗಳು ಇಳಿಮುಖವಾಗಿವೆ ಎಂದೂ, ಕಿರಿಯ ತರಗತಿಗಳ ಮಕ್ಕಳಲ್ಲಿ ಈ ಇಳಿಕೆ ಎದ್ದುಕಾಣುತ್ತದೆ ಎಂದೂ ವರದಿ ಮಾಡಿದರು.

ಈ ಅಂಕಿಅಂಶಗಳನ್ನು ಹಿಡಿದುಕೊಂಡು ಶಾಲೆಯೇ ಅಪರಾಧಿ ಎಂದು ತೀರ್ಪು ಕೊಡುವುದು ಸರಿಯಲ್ಲ. ಹತ್ತರ ಆಸುಪಾಸಿನ ವಯಸ್ಸಿನಲ್ಲಿ ಮಗು ಓರಗೆಯವರ ಅಭಿಪ್ರಾಯಕ್ಕೆ ಹೆಚ್ಚು ಬೆಲೆ ಕೊಡತೊಡಗುತ್ತದೆ, ಗುಂಪಿನಿಂದ ಬೇರೆಯಾಗಿ ಕಾಣಲು ಹಿಂಜರಿಯುತ್ತದೆ, ತಾನು ಬರೆದ ಚಿತ್ರ ನಿಜವಾದ ವಸ್ತುವಿನಂತೆ ಕಾಣುತ್ತಿಲ್ಲ ಎಂದು ತಾನೇ ಟೀಕಿಸಿಕೊಳ್ಳುತ್ತದೆ. ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ ಅವರು 1930ರಷ್ಟು ಹಿಂದೆಯೇ, ಕಲ್ಪನೆಯು ಅನುಭವದ ಸಂಪತ್ತನ್ನು ಅವಲಂಬಿಸಿರುವುದರಿಂದ ಮಗುವಿಗಿಂತ ವಯಸ್ಕನ ಕಲ್ಪನೆಯೇ ಶ್ರೀಮಂತವಾದುದು ಎಂದು ವಾದಿಸಿದ್ದರು. ಕಂಡದ್ದು, ಕೇಳಿದ್ದು, ಓದಿದ್ದು ಹೆಚ್ಚಿದಷ್ಟೂ ಕೂಡಿಸಿ ಕಟ್ಟಲು ಸಾಮಗ್ರಿ ಹೆಚ್ಚುತ್ತದೆ ಎಂಬ ಈ ವಾದವನ್ನು ಒಪ್ಪಿದರೆ, ಓದುಬರಹ ಕಲಿಸಿ ಜಗತ್ತಿನ ಪರಿಚಯ ಮಾಡಿಸುವ ಶಾಲೆಗೆ ಕಲ್ಪನೆಯನ್ನು ಪೋಷಿಸುವ ದೊಡ್ಡ ಶಕ್ತಿಯಿದೆ ಎಂದೇ ಹೇಳಬೇಕಾಗುತ್ತದೆ. ಆದ್ದರಿಂದ ಶಾಲೆ ಏನನ್ನು ಕಲಿಸುತ್ತದೆ ಎಂಬುದರಷ್ಟೇ, ಕಲಿಸುವಾಗ ಯಾವ ವಾತಾವರಣವನ್ನು ಕಟ್ಟುತ್ತದೆ ಎಂಬುದೂ ಮುಖ್ಯವಾಗುತ್ತದೆ.

ಕಲಿಸುವ ರೀತಿಯಲ್ಲೇ ಅಡಗಿರುವ ತೊಡಕು

ಈ ವಾತಾವರಣದ ಪರಿಣಾಮವನ್ನು ಹತ್ತಿರದಿಂದ ತೋರಿಸುವ ಒಂದು ಪ್ರಯೋಗವನ್ನು ಎಲಿಜಬೆತ್ ಬೋನವಿಟ್ಸ್, ಲಾರಾ ಶುಲ್ಜ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ಶಾಲೆಗೆ ಸೇರುವ ಮೊದಲಿನ ವಯಸ್ಸಿನ ಮಕ್ಕಳ ಮುಂದೆ ಬಣ್ಣದ ಕೊಳವೆಗಳಿಂದ ಮಾಡಿದ ಒಂದು ಆಟಿಕೆಯನ್ನು ಇಡಲಾಯಿತು. ಒಂದು ಕೊಳವೆಯನ್ನು ಎಳೆದರೆ ಕೀಚ್ ಎಂಬ ಸದ್ದು ಬರುತ್ತಿತ್ತು. ಅದಲ್ಲದೆ ಒತ್ತಿದರೆ ಹೊತ್ತುವ ದೀಪ, ಸ್ವರ ಹೊರಡಿಸುವ ಕೀಲಿಗಳು, ಕೊಳವೆಯೊಳಗೆ ಮುಖ ತೋರಿಸುವ ಕನ್ನಡಿ ಅದರಲ್ಲಿ ಅಡಗಿದ್ದವು. ಕೆಲವು ಮಕ್ಕಳಿಗೆ ಪ್ರಯೋಗಕಾರರು ಶಿಕ್ಷಕಿಯ ಧಾಟಿಯಲ್ಲಿ, ಆಟಿಕೆ ಕೆಲಸ ಮಾಡುವುದು ಹೀಗೆ ಎಂದು ಹೇಳಿ ಸದ್ದು ಬರಿಸಿ ತೋರಿಸಿದರು. ಇನ್ನು ಕೆಲವು ಮಕ್ಕಳ ಮುಂದೆ ಅದೇ ಸದ್ದು ಆಕಸ್ಮಿಕವಾಗಿ ಬಂದಂತೆ ನಟಿಸಿದರು. ಬಳಿಕ ಮಕ್ಕಳನ್ನು ಆಟಿಕೆಯೊಂದಿಗೆ ಬಿಟ್ಟಾಗ, ಪಾಠ ಮಾಡಿಸಿಕೊಂಡ ಮಕ್ಕಳು ಕಲಿತ ಸದ್ದನ್ನೇ ಮತ್ತೆ ಮತ್ತೆ ಬರಿಸಿ ಬೇಗನೆ ಆಟ ನಿಲ್ಲಿಸಿದರು, ಉಳಿದವರು ಹೆಚ್ಚು ಹೊತ್ತು ಹುಡುಕಾಡಿ ಅಡಗಿದ್ದ ಇತರ ಗುಣಗಳನ್ನು ಹೆಚ್ಚಾಗಿ ಕಂಡುಕೊಂಡರು. ತಿಳಿದವರು ಇಷ್ಟೇ ತೋರಿಸಿದ್ದಾರೆಂದರೆ ಇರುವುದು ಇಷ್ಟೇ ಇರಬೇಕು ಎಂದು ಮಗು ತರ್ಕಬದ್ಧವಾಗಿಯೇ ಊಹಿಸುತ್ತದೆ ಎಂಬುದು ಸಂಶೋಧಕರ ವಿವರಣೆ. ನೇರವಾಗಿ ಕಲಿಸುವುದರಿಂದ ಕಲಿಕೆ ಬೇಗ ಆಗುತ್ತದೆ ಎಂಬುದು ನಿಜವಾದರೂ, ಹೇಳಿಕೊಟ್ಟದ್ದರ ಆಚೆಗೂ ಹುಡುಕಲು ಇನ್ನೂ ಇದೆ ಎಂದು ಶಿಕ್ಷಕರು ಬಾಯಿಬಿಟ್ಟು ಹೇಳದಿದ್ದರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯ ತೊಡಕು ಬಹುಮಾನದ್ದು. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಅವರು 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರ ಬರೆಯುವುದನ್ನು ಮೊದಲೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಚಿತ್ರ ಬರೆದರೆ ಪ್ರಶಸ್ತಿ ಪತ್ರ ಕೊಡುವುದಾಗಿ ಮುಂಚಿತವಾಗಿ ಹೇಳಲಾಯಿತು, ಇನ್ನೊಂದು ಗುಂಪಿಗೆ ಹೇಳದೆಯೇ ಕೊಡಲಾಯಿತು, ಮೂರನೆಯದಕ್ಕೆ ಏನನ್ನೂ ಕೊಡಲಿಲ್ಲ. ಒಂದೆರಡು ವಾರಗಳ ನಂತರ ಬಿಡುವಿನ ವೇಳೆಯಲ್ಲಿ ಗಮನಿಸಿದಾಗ, ಪ್ರಶಸ್ತಿಯ ನಿರೀಕ್ಷೆಯಿಂದ ಬರೆದಿದ್ದ ಮಕ್ಕಳು ಇತರರು ಚಿತ್ರಕ್ಕೆ ಕೊಟ್ಟ ಸಮಯದ ಸುಮಾರು ಅರ್ಧದಷ್ಟನ್ನು ಮಾತ್ರ ಕೊಟ್ಟರು. ಕೆಲಸದ ಸುಖಕ್ಕಾಗಿಯೇ ಕೆಲಸ ಮಾಡಿಸುವ ಆಂತರಿಕ ಪ್ರೇರಣೆಯನ್ನು ಹೊರಗಿನ ಆಮಿಷವು ಹೊರದೂಡುವ ಬಗೆಗೆ ಈ ಪ್ರಯೋಗ ಮಾದರಿಯಾಯಿತು. ಥೆರೆಸಾ ಅಮಾಬಿಲೆ ಅವರು 1982ರಲ್ಲಿ ಇದಕ್ಕೆ ಪೂರಕವಾದ ಸಾಕ್ಷ್ಯವನ್ನು ಒದಗಿಸಿದರು: ಬಣ್ಣದ ಕಾಗದದ ತುಂಡುಗಳನ್ನು ಅಂಟಿಸಿ ಚಿತ್ರ ಮಾಡಿದ ಏಳರಿಂದ ಹನ್ನೊಂದು ವರ್ಷದ ಹುಡುಗಿಯರಲ್ಲಿ, ಅತ್ಯುತ್ತಮ ಚಿತ್ರಕ್ಕೆ ಬಹುಮಾನವೆಂದು ತಿಳಿದು ಸ್ಪರ್ಧಿಸಿದವರ ಕೃತಿಗಳು ಸ್ಪರ್ಧೆಯ ಒತ್ತಡವಿಲ್ಲದವರ ಕೃತಿಗಳಿಗಿಂತ ಕಡಿಮೆ ಸೃಜನಶೀಲವೆಂದು ಕಲಾವಿದರು ತೀರ್ಮಾನಿಸಿದರು.

ಮೂರನೆಯ ತೊಡಕು ಶಿಕ್ಷಕರ ಮನಸ್ಸಿನದ್ದು. 1995ರಲ್ಲಿ ವೆಸ್ಟ್‌ಬಿ ಮತ್ತು ಡಾಸನ್ ನಡೆಸಿದ ಅಧ್ಯಯನದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರು ಸೃಜನಶೀಲತೆಯನ್ನು ಮೆಚ್ಚುತ್ತೇವೆ ಎಂದು ಹೇಳಿದರೂ, ಅವರ ಅಚ್ಚುಮೆಚ್ಚಿನ ವಿದ್ಯಾರ್ಥಿಗಳ ಗುಣಗಳು ಸೃಜನಶೀಲ ಮಕ್ಕಳ ಗುಣಗಳಿಗೆ ಹೊಂದಿಕೆಯಾಗಲಿಲ್ಲ. ಅನಿರೀಕ್ಷಿತ ಪ್ರಶ್ನೆ ಕೇಳುವ, ಹೇಳಿದ್ದನ್ನು ಹೇಳಿದಂತೆಯೇ ಮಾಡದ ಮಗುವಿನಿಂದ ಪಾಠದ ಓಟ ತಡೆಯುವುದರಿಂದ, ಪಠ್ಯವನ್ನು ಗಡುವಿನೊಳಗೆ ಮುಗಿಸಬೇಕಾದ ಶಿಕ್ಷಕರಿಗೆ ಅಂಥ ಮಗು ತೊಂದರೆಯಾಗಿ ಕಾಣುವುದು ಸಹಜ. ದೋಷ ವ್ಯಕ್ತಿಯಲ್ಲಿರುವುದಕ್ಕಿಂತ ಹೆಚ್ಚಾಗಿ ಗಡುವಿನಲ್ಲಿದೆ.

ಕನ್ನಡ ಶಾಲೆಯ ತರಗತಿಯಲ್ಲಿ

ಈ ಮೂರೂ ತೊಡಕುಗಳು ಕರ್ನಾಟಕದ ತರಗತಿಗಳಲ್ಲಿ ಪರಿಚಿತ ರೂಪದಲ್ಲಿಯೇ ಕಾಣಿಸುತ್ತವೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇಷ್ಟಬಂದ ಚಿತ್ರ ಬರೆಯಲು ಹೇಳಿದರೆ ಹಾಳೆಯ ಮೇಲೆ ಮೂಡುವುದು ಬಹುಪಾಲು ಒಂದೇ ದೃಶ್ಯ: ಎರಡು ಚೂಪು ಬೆಟ್ಟ, ನಡುವೆ ಕಿರಣ ಸೂಸುವ ಅರ್ಧ ಸೂರ್ಯ, ಬೆಟ್ಟದ ಬುಡದಿಂದ ಇಳಿದು ಬರುವ ನದಿ, ದಡದಲ್ಲಿ ಗುಡಿಸಲು, ಪಕ್ಕಕ್ಕೊಂದು ತೆಂಗಿನ ಮರ, ಆಕಾಶದಲ್ಲಿ ಬಾಗಿದ ಗೆರೆಗಳಂಥ ಹಕ್ಕಿಗಳು. ವಿಜಯಪುರದ ಬಯಲಿನಲ್ಲಿ ಬೆಳೆಯುವ ಮಗುವೂ ಬೆಂಗಳೂರಿನ ಬಹುಮಹಡಿ ಕಟ್ಟಡದ ಮಗುವೂ ತಾವು ನೋಡದ ಈ ದೃಶ್ಯವನ್ನೇ ಬರೆಯುತ್ತಾರೆ, ಏಕೆಂದರೆ ಚಿತ್ರವೆಂದರೆ ಇದು ಎಂದು ಯಾರೋ ಒಮ್ಮೆ ಹಲಗೆಯ ಮೇಲೆ ಬರೆದು ತೋರಿಸಿದ್ದಾರೆ, ಅದನ್ನು ನಕಲು ಮಾಡಿದ್ದಕ್ಕೆ ಶಹಬ್ಬಾಸ್ ಸಿಕ್ಕಿದೆ.

ಇದೇ ಪ್ರಕ್ರಿಯೆ ಪ್ರೌಢಶಾಲೆಯಲ್ಲಿ ಪ್ರಬಂಧ ಬರವಣಿಗೆಯಾಗಿ ಮುಂದುವರಿಯುತ್ತದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಭಾಗಗಳ ವಿಂಗಡಣೆ ವಿಚಾರವನ್ನು ಅಣಿಗೊಳಿಸಲು ನಿಜಕ್ಕೂ ನೆರವಾಗುವ ಸಾಧನ. ಆದರೆ ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳು, ಪರಿಸರ ಮಾಲಿನ್ಯ ಮುಂತಾದ ಹತ್ತಾರು ವಿಷಯಗಳ ಸಿದ್ಧ ಪ್ರಬಂಧಗಳನ್ನು ನೋಟ್ಸಿನಿಂದಲೋ ಗೈಡಿನಿಂದಲೋ ಬಾಯಿಪಾಠ ಮಾಡಿ ಬರೆಯುವುದೇ ರೂಢಿಯಾದಾಗ, ತನ್ನೂರಿನ ಗ್ರಂಥಾಲಯದ ಬಾಗಿಲು ಏಕೆ ಮುಚ್ಚಿರುತ್ತದೆ ಎಂದು ಯೋಚಿಸಿ ಬರೆಯುವ ವಿದ್ಯಾರ್ಥಿ ಅಂಕದ ದೃಷ್ಟಿಯಿಂದ ಅಪಾಯವನ್ನು ಮೈಮೇಲೆ ಎಳೆದುಕೊಂಡಂತಾಗುತ್ತದೆ. ಸಾಧನಕ್ಕೆ ಇದ್ದ ಉದ್ದೇಶ ಮರೆತುಹೋಗಿ ಚೌಕಟ್ಟು ಮಾತ್ರ ಉಳಿಯುತ್ತದೆ.

ಸುಧಾರಣೆಯ ಪ್ರಯತ್ನಗಳೂ ಇದೇ ಬಲೆಗೆ ಬಿದ್ದದ್ದು ವಿಷಾದದ ಸಂಗತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯು ವರ್ಷಾಂತ್ಯದ ಪರೀಕ್ಷೆಯ ಭಯವನ್ನು ತಗ್ಗಿಸಲೆಂದು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿತು. ಮಗುವನ್ನು ವರ್ಷವಿಡೀ ಗಮನಿಸಿ, ಅದರ ಬೆಳವಣಿಗೆಯನ್ನು ಎಲ್ಲ ದಿಕ್ಕುಗಳಿಂದ ಅರಿಯುವುದು ಇದರ ಆಶಯ. ಆಚರಣೆಯಲ್ಲಿ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳು ಅಂಕ ತುಂಬುವ ಕೋಷ್ಟಕಗಳಾಗಿ, ಯೋಜನಾ ಕಾರ್ಯಗಳು ಸ್ಟೇಷನರಿ ಅಂಗಡಿಯಿಂದ ತಂದ ಚಿತ್ರಗಳನ್ನು ಕತ್ತರಿಸಿ ಅಂಟಿಸುವ ಕೆಲಸವಾಗಿ ಬದಲಾಗುವುದು ಸಾಮಾನ್ಯವಾಯಿತು. ಮಣ್ಣಿನ ಮಾದರಿ, ಅಭಿನಯ ಗೀತೆ, ಛದ್ಮವೇಷ, ಆಶುಭಾಷಣಗಳಿಗೆ ವೇದಿಕೆ ಕೊಟ್ಟ ಪ್ರತಿಭಾ ಕಾರಂಜಿಯು ಸಾವಿರಾರು ಹಳ್ಳಿಯ ಮಕ್ಕಳನ್ನು ರಂಗಕ್ಕೆ ತಂದ ಒಳ್ಳೆಯ ಕಾರ್ಯಕ್ರಮವಾದರೂ, ಅಲ್ಲಿಯೂ ಮೊದಲ, ಎರಡನೆಯ, ಮೂರನೆಯ ಸ್ಥಾನಗಳೇ ಗುರಿಯಾಗಿ, ದೊಡ್ಡವರು ಬರೆದುಕೊಟ್ಟ ಮಾತನ್ನು ಮಗು ಒಪ್ಪಿಸುವ ಸಂದರ್ಭಗಳು ಹೆಚ್ಚಿದರೆ, ಲೆಪ್ಪರ್ ಮತ್ತು ಅಮಾಬಿಲೆ ಕಂಡ ಫಲಿತಾಂಶವೇ ಇಲ್ಲಿಯೂ ಎದುರಾಗುತ್ತದೆ.

ನೆನಪು ವೈರಿಯಲ್ಲ

ಇದರಿಂದ ಬಾಯಿಪಾಠವೇ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಬಂದರೆ ಕನ್ನಡ ನಾಡಿನ ಕಲಾಪರಂಪರೆ ಅದನ್ನು ಒಪ್ಪುವುದಿಲ್ಲ. ಕರ್ನಾಟಕ ಸಂಗೀತದ ವಿದ್ಯಾರ್ಥಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳನ್ನು ಮಾಯಾಮಾಳವಗೌಳ ರಾಗದಲ್ಲಿ ವರ್ಷಗಟ್ಟಲೆ ಸಾಧನೆ ಮಾಡಿದ ಮೇಲೆಯೇ ಆಲಾಪನೆ, ನೆರವಲ್, ಕಲ್ಪನಾಸ್ವರಗಳೆಂಬ ಮನೋಧರ್ಮ ಸಂಗೀತಕ್ಕೆ, ಅಂದರೆ ಅಲ್ಲಿಯೇ ಹೊಸದಾಗಿ ಹುಟ್ಟಿಸಿ ಹಾಡುವ ಭಾಗಕ್ಕೆ, ಕೈಹಾಕುತ್ತಾನೆ. ಕರಾವಳಿ ಮತ್ತು ಮಲೆನಾಡಿನ ತಾಳಮದ್ದಲೆಯಲ್ಲಿ ಭಾಗವತರು ಹಾಡುವ ಪ್ರಸಂಗದ ಪದ್ಯ ಮೊದಲೇ ನಿಶ್ಚಿತವಾಗಿರುತ್ತದೆ. ಆದರೆ ವೇಷವಿಲ್ಲದೆ, ಕುಣಿತವಿಲ್ಲದೆ ಕುಳಿತ ಅರ್ಥಧಾರಿ ಅದಕ್ಕೆ ಹೇಳುವ ಅರ್ಥ ಆ ಹೊತ್ತಿನ ಸೃಷ್ಟಿ. ಎದುರಾಳಿ ಅರ್ಥಧಾರಿ ಯಾವ ತರ್ಕವನ್ನು ಒಡ್ಡುತ್ತಾನೆ ಎಂಬುದು ಮುಂಚಿತವಾಗಿ ತಿಳಿಯದಿರುವುದರಿಂದ, ಪುರಾಣಗಳನ್ನೂ ಕಾವ್ಯಗಳನ್ನೂ ಮನಸ್ಸಿನಲ್ಲಿ ತುಂಬಿಕೊಂಡವನೇ ಥಟ್ಟನೆ ಹೊಸ ಮಾತನ್ನು ಕಟ್ಟಬಲ್ಲ. ಈ ಪರಂಪರೆಗಳಲ್ಲಿ ಕಂಠಸ್ಥ ಮಾಡುವುದು ದಾರಿಯ ಮೊದಲ ಭಾಗವಾಗಿದ್ದು ಸ್ವಂತ ಸೃಷ್ಟಿ ಅದರ ಗುರಿಯಾಗಿರುತ್ತದೆ. ಶಾಲೆಯಲ್ಲಿ ಮೊದಲ ಭಾಗ ಮುಗಿದೊಡನೆ ಪರೀಕ್ಷೆ ಬಂದು, ಮುಂದಿನ ದಾರಿ ತೆರೆಯುವ ಮೊದಲೇ ಇನ್ನೊಂದು ಪಾಠ ಆರಂಭವಾಗುತ್ತದೆ.

ಜ್ಞಾನ ಮತ್ತು ಸೃಜನಶೀಲತೆ ಒಟ್ಟಿಗೆ ಸಾಗಬಲ್ಲವು ಎಂಬುದಕ್ಕೆ ಅಂತರರಾಷ್ಟ್ರೀಯ ಪುರಾವೆಯೂ ಇದೆ. ಹದಿನೈದು ವರ್ಷದ ವಿದ್ಯಾರ್ಥಿಗಳಿಗಾಗಿ ನಡೆಯುವ ಪೀಸಾ ಎಂಬ ಸಮೀಕ್ಷೆಯು 2022ರಲ್ಲಿ ಮೊದಲ ಬಾರಿಗೆ ಸೃಜನಶೀಲ ಚಿಂತನೆಯನ್ನೂ ಅಳೆದು 2024ರಲ್ಲಿ ಫಲಿತಾಂಶ ಪ್ರಕಟಿಸಿತು. ಗಣಿತದಲ್ಲಿ ಅಗ್ರಸ್ಥಾನದಲ್ಲಿದ್ದ ಸಿಂಗಪುರವೇ ಇಲ್ಲಿಯೂ 60ಕ್ಕೆ 41 ಅಂಕಗಳೊಂದಿಗೆ ಮೊದಲ ಸ್ಥಾನ ಪಡೆಯಿತು. ಸಮೀಕ್ಷೆ ನಡೆಸುವ ಒಇಸಿಡಿ ಒಕ್ಕೂಟದ ದೇಶಗಳ ಸರಾಸರಿ 33. ಗಣಿತದಲ್ಲಿ ಸಿಂಗಪುರದ ನಂತರದ ಸಾಲಿನಲ್ಲಿದ್ದ ಹಾಂಗ್‌ಕಾಂಗ್, ಮಕಾವ್, ತೈವಾನ್‌ಗಳು ಸೃಜನಶೀಲ ಚಿಂತನೆಯಲ್ಲಿ ಅದೇ ಎತ್ತರವನ್ನು ಮುಟ್ಟಲಿಲ್ಲ. ಪಾಠದಲ್ಲಿ ಮುಂದಿರುವುದು ಸೃಜನಶೀಲತೆಗೆ ಅಡ್ಡಿಯಲ್ಲ, ಆದರೆ ಅದೊಂದೇ ಸಾಲದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪರೀಕ್ಷೆಗಳಿಗೆ ಹೆಸರಾದ ಸಿಂಗಪುರವು 2004ರಲ್ಲಿಯೇ ಕಡಿಮೆ ಕಲಿಸಿ ಹೆಚ್ಚು ಕಲಿಯಲು ಬಿಡುವ ನೀತಿಯನ್ನು ಘೋಷಿಸಿತ್ತು, 2019ರಿಂದ ಮೊದಲ ಎರಡು ತರಗತಿಗಳ ಅಂಕದ ಪರೀಕ್ಷೆಗಳನ್ನು ಕೈಬಿಟ್ಟಿತು. ಪ್ರಾಥಮಿಕ ಹಂತದ ಕೊನೆಯ ಸಾರ್ವಜನಿಕ ಪರೀಕ್ಷೆಯ ಒತ್ತಡ ಅಲ್ಲಿ ಇಂದಿಗೂ ಇದೆ. ಆದರೂ ಎಳೆಯ ವಯಸ್ಸಿನ ಮಕ್ಕಳಿಗೆ ಅಂಕದಿಂದ ಬಿಡುವು ಕೊಡುವ ನಿರ್ಧಾರ ಗಮನಾರ್ಹವಾದುದು.

ಕರ್ನಾಟಕದಲ್ಲೇ ಬೆಳೆದ ಮಾದರಿಗಳು

ಶಾಲೆಯನ್ನು ಶಾಲೆಯಾಗಿಯೇ ಉಳಿಸಿಕೊಂಡು ಬದಲಿಸುವ ಪ್ರಯೋಗಗಳು ಕರ್ನಾಟಕಕ್ಕೆ ಹೊಸವಲ್ಲ. ಡೇವಿಡ್ ಹಾರ್ಸ್‌ಬರೊ ಅವರು 1972ರಲ್ಲಿ ಕೋಲಾರ ಜಿಲ್ಲೆಯ ಹಳ್ಳಿಗಾಡಿನಲ್ಲಿ ಆರಂಭಿಸಿದ ನೀಲ್‌ಬಾಗ್ ಶಾಲೆಯಲ್ಲಿ ಗ್ರಾಮೀಣ ಮಕ್ಕಳು ಬೇರೆ ಬೇರೆ ವಯಸ್ಸಿನವರೊಂದಿಗೆ ಕೂಡಿ, ಪರೀಕ್ಷೆಯ ಹಂಗಿಲ್ಲದೆ, ಭಾಷೆ ಗಣಿತಗಳ ಜೊತೆಗೆ ಮರಗೆಲಸವನ್ನೂ ಸಂಗೀತವನ್ನೂ ಕಲಿಯುತ್ತಿದ್ದರು. ರವೀಂದ್ರನಾಥ ಟಾಗೋರರು 1918ರಲ್ಲಿ ಬರೆದ ಗಿಳಿಯ ಶಿಕ್ಷಣದ ಕಥೆಯನ್ನು ಆಧರಿಸಿದ ‘ಪಂಜರ ಶಾಲೆ’ ನಾಟಕವನ್ನು ಬಿ. ವಿ. ಕಾರಂತರು ಮಕ್ಕಳ ರಂಗಭೂಮಿಗೆ ತಂದರು. ಕಾರಂತರ ನೇತೃತ್ವದಲ್ಲಿ ಬೆಳೆದ ಮೈಸೂರಿನ ರಂಗಾಯಣದ ಚಿಣ್ಣರ ಮೇಳವು ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಹಾಡಿ, ಕುಣಿದು, ನಾಟಕ ಕಟ್ಟುವ ಅವಕಾಶವನ್ನು ಒದಗಿಸುತ್ತ ಬಂದಿದೆ.

ಸರ್ಕಾರಿ ವ್ಯವಸ್ಥೆಯೊಳಗೇ ನಡೆದ ಅತಿ ದೊಡ್ಡ ಪ್ರಯೋಗವೆಂದರೆ ನಲಿಕಲಿ. ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು, ಯುನಿಸೆಫ್ ಬೆಂಬಲದೊಂದಿಗೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆರಂಭಿಸಿದ ಈ ಪದ್ಧತಿಯನ್ನು 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ವಿಸ್ತರಿಸಲಾಯಿತು. ನಲಿಕಲಿ ಕೊಠಡಿಯಲ್ಲಿ ಸಾಲುಬೆಂಚುಗಳ ಬದಲು ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ವೃತ್ತಾಕಾರದಲ್ಲಿ ಕೂರುತ್ತಾರೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಮಗು ತಾನೇ ನೋಡಿಕೊಂಡು, ಅದಕ್ಕೆ ತಕ್ಕ ಕಾರ್ಡನ್ನು ಎತ್ತಿಕೊಂಡು, ಶಿಕ್ಷಕರ ನೆರವಿನಿಂದಲೋ ಜೊತೆಗಾರರ ನೆರವಿನಿಂದಲೋ ಸ್ವಂತವಾಗಿಯೋ ಕಲಿಯುವ ಗುಂಪಿಗೆ ಹೋಗುತ್ತದೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆಟುಕುವಂತೆ ಕಪ್ಪುಹಲಗೆಯಿದೆ. ತಲೆಯ ಮೇಲೆ ದಾರಗಳನ್ನು ಎಳೆದು ಕಟ್ಟಿದ ಕಲಿಕಾ ಚಪ್ಪರದಲ್ಲಿ ಮಕ್ಕಳು ಬರೆದ ಚಿತ್ರಗಳೂ ಮಾಡಿದ ಕಾಗದದ ಕೆಲಸಗಳೂ ತೂಗುತ್ತಿರುತ್ತವೆ. ಒಂದು ಮಗುವಿನ ವೇಗಕ್ಕೆ ಇನ್ನೊಂದು ಮಗು ನಾಚಬೇಕಾಗಿಲ್ಲ ಎಂಬುದೇ ಈ ಏರ್ಪಾಟಿನ ದೊಡ್ಡ ಗುಣ. ಆದರೆ ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಸಂಭಾಳಿಸುವಾಗ, ದಾಖಲೆ ತುಂಬುವುದೇ ಹೊರೆಯಾದಾಗ, ಕಾರ್ಡು ಮುಗಿಸುವುದು ಪಾಠ ಮುಗಿಸುವುದರ ಇನ್ನೊಂದು ಹೆಸರಾಗಿಬಿಡುವ ಅಪಾಯವೂ ಇದೆ. ಪಠ್ಯಪುಸ್ತಕದ ಬದಲು ಕಾರ್ಡು ಬಂದರೆ ಸಾಲದು. ಮಗುವಿನ ಅನಿರೀಕ್ಷಿತ ಉತ್ತರವನ್ನು ಕೇಳಿಸಿಕೊಳ್ಳುವ ಪುರುಸೊತ್ತು ಶಿಕ್ಷಕರಿಗೆ ಸಿಗಬೇಕು.

ಮಾಡಬಹುದಾದುದು

ಈ ಎಲ್ಲ ಅನುಭವಗಳಿಂದ ಹೊರಡುವ ಸಲಹೆಗಳು ದುಬಾರಿಯವಲ್ಲ. ಪ್ರತಿ ಪಾಠದ ಕೊನೆಯಲ್ಲಿ ಒಂದಾದರೂ ಹಲವು ಉತ್ತರಗಳ ಪ್ರಶ್ನೆಯನ್ನು ಕೇಳಿ, ತರಗತಿಯಿಂದ ಐದಾರು ಉತ್ತರಗಳು ಬರುವವರೆಗೆ ಯಾವುದನ್ನೂ ಸರಿ ತಪ್ಪು ಎನ್ನದೆ ಹಲಗೆಯ ಮೇಲೆ ಬರೆದು, ಬಳಿಕ ಅವುಗಳನ್ನು ಒಟ್ಟಾಗಿ ಪರಿಶೀಲಿಸಿದರೆ ಎರಡೂ ಬಗೆಯ ಚಿಂತನೆಗೆ ಒಂದೇ ಅವಧಿಯಲ್ಲಿ ಅವಕಾಶ ಸಿಗುತ್ತದೆ. ಮಗುವಿನ ಬರಹದ ಮೊದಲ ಕರಡಿಗೆ ಅಂಕ ಕೊಡದೆ ಟಿಪ್ಪಣಿ ಮಾತ್ರ ಬರೆದು, ತಿದ್ದಿ ಬರೆದ ಕರಡಿಗೆ ಅಂಕ ಕೊಡುವುದರಿಂದ ತಪ್ಪು ಮಾಡುವ ಧೈರ್ಯ ಉಳಿಯುತ್ತದೆ. ಚಿತ್ರ, ಸಂಗೀತ, ನಾಟಕಗಳ ಅವಧಿಯನ್ನು ಗಣಿತದ ಹೆಚ್ಚುವರಿ ತರಗತಿಗೆ ಬಿಟ್ಟುಕೊಡದಿರುವುದು ಮುಖ್ಯೋಪಾಧ್ಯಾಯರ ಕೈಯಲ್ಲಿದೆ. ಎಷ್ಟು ಅಂಕ ಬಂತು ಎಂದು ಕೇಳುವ ತಂದೆತಾಯಿಗಳು, ಇವತ್ತು ಏನು ಪ್ರಶ್ನೆ ಕೇಳಿದೆ ಎಂದೂ ವಿಚಾರಿಸುವುದು ಮನೆಯ ಕೈಯಲ್ಲಿದೆ.

ಇವೆಲ್ಲಕ್ಕೂ ಮೇಲೆ ಬದಲಾಗಬೇಕಾದುದು ಮೌಲ್ಯಮಾಪನದ ಮಾದರಿ ಉತ್ತರಗಳು, ಏಕೆಂದರೆ ಪರೀಕ್ಷೆ ಏನನ್ನು ಮನ್ನಿಸುತ್ತದೆಯೋ ತರಗತಿ ಅದನ್ನೇ ಕಲಿಸುತ್ತದೆ. ಹತ್ತನೆಯ ತರಗತಿಯ ಪ್ರಬಂಧದಲ್ಲಿ ವಿದ್ಯಾರ್ಥಿಯ ಸ್ವಂತ ಅವಲೋಕನಕ್ಕೆ, ವಿಜ್ಞಾನದ ಪತ್ರಿಕೆಯಲ್ಲಿ ಹೊಸ ಪ್ರಯೋಗವನ್ನು ರೂಪಿಸುವ ಪ್ರಶ್ನೆಗೆ, ಗಣಿತದಲ್ಲಿ ಎರಡನೆಯ ವಿಧಾನಕ್ಕೆ ಸ್ಪಷ್ಟವಾಗಿ ಅಂಕ ಮೀಸಲಾದ ದಿನ ಗೈಡುಗಳ ಬೆಲೆ ತಾನಾಗಿ ಇಳಿಯುತ್ತದೆ. ಅನುಕೂಲಸ್ಥರ ಮಗುವಿಗೆ ಚಿತ್ರಕಲಾ ತರಗತಿ, ಬೇಸಿಗೆ ಶಿಬಿರ, ಮನೆತುಂಬ ಪುಸ್ತಕಗಳು ಶಾಲೆಯ ಹೊರಗೂ ದೊರೆಯುತ್ತವೆ. ಕುಟುಂಬದಲ್ಲಿ ಮೊದಲ ಬಾರಿಗೆ ಅಕ್ಷರ ಕಲಿಯುತ್ತಿರುವ ಮಗುವಿಗೆ ಬಣ್ಣವೂ ಕಥೆಯೂ ರಂಗವೂ ಸಿಗುವುದು ಶಾಲೆಯಲ್ಲಿ ಮಾತ್ರ. ಆದ್ದರಿಂದ ಸೃಜನಶೀಲತೆಗೆ ಅವಕಾಶ ಕೊಡುವುದು ಸರ್ಕಾರಿ ಶಾಲೆಯ ಮೊದಲ ಕರ್ತವ್ಯಗಳಲ್ಲಿ ಒಂದೆಂದು ಭಾವಿಸಬೇಕು, ಓದು ಬರಹ ಲೆಕ್ಕಗಳ ಸಾಲಿನಲ್ಲಿಯೇ ಅದಕ್ಕೂ ವೇಳಾಪಟ್ಟಿಯಲ್ಲಿ, ಶಿಕ್ಷಕರ ತರಬೇತಿಯಲ್ಲಿ ಮತ್ತು ಅಂಕಪಟ್ಟಿಯಲ್ಲಿ ಜಾಗ ಸಿಗಬೇಕು.